ಕಾಲಿಗೆ ರಕ್ತ ಸಾಲದೆ ಬರುವ ನೋವು: ವ್ಯಾಯಾಮ ಚಿಕಿತ್ಸೆ ಕೇಂದ್ರದಲ್ಲೋ, ಮನೆಯಲ್ಲೋ?

ಹಿರಿಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಅರವತ್ತೇಳು ವರ್ಷ. ಸ್ವಲ್ಪ ದೂರ ನಡೆದ ಕೂಡಲೇ ಅವರ ಎಡಗಾಲಿನ ಮೀನಖಂಡದಲ್ಲಿ ಹಿಂಡಿದಂತಹ ನೋವು ಬರುತ್ತದೆ, ನಿಂತರೆ ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಎಬಿಐ ಪರೀಕ್ಷೆಯಲ್ಲಿ ಎಡಗಾಲಿನ ಅನುಪಾತ 0.68 ಬಂದಿದೆ. ಅಪಧಮನಿ ಕಿರಿದಾಗಿದೆ, ಸದ್ಯಕ್ಕೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ, ಔಷಧಗಳ ಜೊತೆಗೆ ಮೂರು ತಿಂಗಳು ವ್ಯಾಯಾಮ ಚಿಕಿತ್ಸೆ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ.

ಅದನ್ನು ಎಲ್ಲಿ ಮಾಡಿಸಬೇಕು ಎಂಬುದೇ ನಮ್ಮ ಗೊಂದಲ. ವಾರಕ್ಕೆ ಮೂರು ಬಾರಿ ಆಸ್ಪತ್ರೆಯ ವ್ಯಾಯಾಮ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಮಾಡುವುದು ಒಂದು ದಾರಿ, ಮನೆಯ ಬಳಿಯೇ ನಡೆಯುವುದು ಇನ್ನೊಂದು. ನಡೆಯುವುದಕ್ಕೆ ಕೇಂದ್ರವೇಕೆ ಎಂದು ತಂದೆಯವರು ಕೇಳುತ್ತಾರೆ. ನೋವು ಬಂದ ಮೇಲೂ ನಡೆಸಿದರೆ ಕಾಲು ಇನ್ನಷ್ಟು ಕೆಡುತ್ತದೆ ಎಂದು ತಮ್ಮ ಹೆದರಿಸುತ್ತಾನೆ. ಈ ಚಿಕಿತ್ಸೆ ಪಡೆದವರು ಅಥವಾ ಕೊಡುವವರು ದಯವಿಟ್ಟು ತಿಳಿಸಬೇಕು.

ದೇಹಚಲನೆ:

ನಾನು ಫಿಸಿಯೋಥೆರಪಿಸ್ಟ್. ಇಂತಹ ರೋಗಿಗಳನ್ನು ದಿನವೂ ನೋಡುತ್ತೇನೆ. ಕೇಂದ್ರದಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ವಿವರಿಸುತ್ತೇನೆ, ಅದು ತಿಳಿಯದೆ ಮನೆಯೊಂದಿಗೆ ಹೋಲಿಸಲಾಗದು.

ಟ್ರೆಡ್‌ಮಿಲ್ಲನ್ನು ಸಾಮಾನ್ಯವಾಗಿ ಗಂಟೆಗೆ ಸುಮಾರು 3.2 ಕಿಲೋಮೀಟರ್ ವೇಗದಲ್ಲಿ, ಏರಿಲ್ಲದೆ, ಆರಂಭಿಸುತ್ತೇವೆ. ನೋವನ್ನು 1ರಿಂದ 5ರವರೆಗಿನ ಮಾಪಕದಲ್ಲಿ ಹೇಳಲು ರೋಗಿಗೆ ಕಲಿಸಿರುತ್ತೇವೆ. ಅದರಲ್ಲಿ 1 ಎಂದರೆ ನೋವಿಲ್ಲ, 5 ಎಂದರೆ ಇನ್ನೊಂದು ಹೆಜ್ಜೆ ಸಾಧ್ಯವಿಲ್ಲ. ಮೂರರಿಂದ ಐದು ನಿಮಿಷಗಳೊಳಗೆ ನೋವು ಮಧ್ಯಮ ಮಟ್ಟ ಮುಟ್ಟುವಂತೆ ವೇಗವನ್ನೋ ಏರನ್ನೋ ಹೊಂದಿಸುತ್ತೇವೆ. ರೋಗಿ 4 ಎಂದ ಕೂಡಲೇ ಯಂತ್ರ ನಿಲ್ಲಿಸಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನೋವು ಪೂರ್ತಿ ಹೋಗುವವರೆಗೆ ಕಾದು ಮತ್ತೆ ಹತ್ತಿಸುತ್ತೇವೆ. ಹೀಗೆ ನಡಿಗೆ, ವಿಶ್ರಾಂತಿ, ನಡಿಗೆ ಎಂದು ಮೂವತ್ತರಿಂದ ಅರವತ್ತು ನಿಮಿಷ. ಒಂದೇ ಸುತ್ತಿನಲ್ಲಿ ಎಂಟು ಹತ್ತು ನಿಮಿಷ ನಡೆಯಲು ಬಂದರೆ ಮುಂದಿನ ಬಾರಿ ಏರನ್ನು ಅಥವಾ ವೇಗವನ್ನು ತುಸು ಹೆಚ್ಚಿಸುತ್ತೇವೆ.

ಇಷ್ಟನ್ನು ಓದಿದರೆ ಇದನ್ನು ಮನೆಯಲ್ಲಿ ಏಕೆ ಮಾಡಬಾರದು ಎಂದೇ ಅನ್ನಿಸುತ್ತದೆ. ವ್ಯತ್ಯಾಸ ಕಾಣಬೇಕಾದರೆ ರೋಗಿಯ ಕೈ ನೋಡಬೇಕು. ನೋವು 3 ದಾಟುತ್ತಿದ್ದಂತೆ ಬಹುತೇಕ ಎಲ್ಲರೂ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದು ಮೈಭಾರವನ್ನು ತೋಳುಗಳ ಮೇಲೆ ಹಾಕುತ್ತಾರೆ. ಯಂತ್ರದ ಪರದೆಯಲ್ಲಿ ದೂರ ಚೆನ್ನಾಗಿಯೇ ಏರುತ್ತಿರುತ್ತದೆ, ಆದರೆ ಮೀನಖಂಡ ಆ ಕೆಲಸ ಮಾಡಿರುವುದಿಲ್ಲ. ಇನ್ನು ಕೆಲವರು ತಮಗೇ ಅರಿವಿಲ್ಲದಂತೆ ನೋವಿರುವ ಕಾಲಿನ ಹೆಜ್ಜೆ ಚಿಕ್ಕದು ಮಾಡಿ, ಹಿಮ್ಮಡಿ ಎತ್ತದೆ ಪಾದವನ್ನು ಚಪ್ಪಟೆಯಾಗಿ ಇಡುತ್ತಾರೆ. ಪಕ್ಕದಲ್ಲಿ ನಿಂತವರು ಇದನ್ನು ಗಮನಿಸಿ ತಿದ್ದುತ್ತಾರೆ. ನನ್ನ ಅನುಭವದಲ್ಲಿ ಮೇಲ್ವಿಚಾರಣೆ ಎಂದರೆ ಮುಖ್ಯವಾಗಿ ಇದೇ.

ಅಂಕಿಅಂಶ:

ತಂದೆಯವರ ಪ್ರಶ್ನೆ ಸಂಶೋಧಕರ ಪ್ರಶ್ನೆಯೂ ಆಗಿದೆ. 2018ರ ಕಾಕ್ರೇನ್ ಪರಾಮರ್ಶೆಯು 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಮೂರು ವ್ಯವಸ್ಥೆಗಳನ್ನು ಹೋಲಿಸಿತು: ಮೇಲ್ವಿಚಾರಣೆಯ ವ್ಯಾಯಾಮ, ಕ್ರಮಬದ್ಧವಾದ ಮನೆ ವ್ಯಾಯಾಮ, ಮತ್ತು ‘ಹೆಚ್ಚು ನಡೆಯಿರಿ’ ಎಂಬ ಬರೀ ಸಲಹೆ. ಮೇಲ್ವಿಚಾರಣೆಯ ಗುಂಪಿನವರು ಟ್ರೆಡ್‌ಮಿಲ್ ಮೇಲೆ ನಡೆಯಬಲ್ಲ ಗರಿಷ್ಠ ದೂರ ಮನೆ ವ್ಯಾಯಾಮದವರಿಗಿಂತ ಸುಮಾರು 120 ಮೀಟರ್, ಬರೀ ಸಲಹೆ ಪಡೆದವರಿಗಿಂತ ಸುಮಾರು 210 ಮೀಟರ್ ಹೆಚ್ಚಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರೆಡ್‌ಮಿಲ್ ಮೇಲೆ ಮೂರು ತಿಂಗಳು ಅಭ್ಯಾಸ ಮಾಡಿದವರನ್ನು ಟ್ರೆಡ್‌ಮಿಲ್ ಮೇಲೆಯೇ ಪರೀಕ್ಷಿಸಿದರೆ ಅವರಿಗೆ ಅನುಕೂಲವಾಗುವುದು ಸಹಜ. ಹಜಾರದಲ್ಲಿ ಆರು ನಿಮಿಷ ನಡೆಸಿ ದೂರ ಅಳೆಯುವ ಪರೀಕ್ಷೆ ದಿನನಿತ್ಯದ ನಡಿಗೆಗೆ ಹತ್ತಿರವಾದದ್ದು, ಮನೆ ವ್ಯಾಯಾಮದ ಗುಣ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ 120 ಮೀಟರಿನ ಅಂತರವನ್ನು ಅಷ್ಟಕ್ಕೆ ಅಷ್ಟೇ ಬೀದಿಗೆ ಇಳಿಸಿಕೊಳ್ಳುವಂತಿಲ್ಲ. ಬರೀ ಸಲಹೆ ಸಾಲದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ವಿಚಾರಿಸುವವ:

ಕಿರಿದಾದ ಜಾಗ ಯಾವುದೆಂದು ಗೊತ್ತಿರುವಾಗ ಅಲ್ಲೊಂದು ಸ್ಟೆಂಟ್ ಹಾಕಿ ಮುಗಿಸುವುದನ್ನು ಬಿಟ್ಟು, ವಯಸ್ಸಾದವರನ್ನು ಮೂರು ತಿಂಗಳು ನೋವಿನಲ್ಲಿ ನಡೆಸುವುದು ಏಕೆ? ಇದು ಕೆಣಕುವ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ನಿವೃತ್ತ ವೈದ್ಯ:

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. 2012ರಲ್ಲಿ ಪ್ರಕಟವಾದ ಕ್ಲೆವರ್ ಎಂಬ ಅಧ್ಯಯನವು ಹೊಟ್ಟೆಯ ಕೆಳಭಾಗದ ಮಹಾಪಧಮನಿ ಮತ್ತು ಅದರಿಂದ ಕಾಲಿಗೆ ಕವಲೊಡೆಯುವ ನಾಳಗಳು ಕಿರಿದಾದ 111 ರೋಗಿಗಳನ್ನು ಮೂರು ಗುಂಪು ಮಾಡಿತು. ಎಲ್ಲರಿಗೂ ಔಷಧ, ಒಂದು ಗುಂಪಿಗೆ ಅದರ ಜೊತೆ ಸ್ಟೆಂಟ್, ಇನ್ನೊಂದಕ್ಕೆ ಮೇಲ್ವಿಚಾರಣೆಯ ವ್ಯಾಯಾಮ. ಆರು ತಿಂಗಳ ನಂತರ ಗರಿಷ್ಠ ನಡಿಗೆಯ ಅವಧಿ ವ್ಯಾಯಾಮದವರಲ್ಲಿ 5.8 ನಿಮಿಷ, ಸ್ಟೆಂಟ್ ಹಾಕಿಸಿಕೊಂಡವರಲ್ಲಿ 3.7 ನಿಮಿಷ, ಬರೀ ಔಷಧದವರಲ್ಲಿ 1.2 ನಿಮಿಷ ಹೆಚ್ಚಿತ್ತು. ಬದುಕಿನ ಗುಣಮಟ್ಟದ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಸ್ಟೆಂಟ್ ಮುಂದಿತ್ತು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2015ರ ಇರೇಸ್ ಅಧ್ಯಯನದಲ್ಲಿ, ರಕ್ತನಾಳ ಹಿಗ್ಗಿಸಿ ಅದರ ಮೇಲೆ ವ್ಯಾಯಾಮವನ್ನೂ ಮಾಡಿಸಿದವರು ಬರೀ ವ್ಯಾಯಾಮದವರಿಗಿಂತ ಚೆನ್ನಾಗಿ ನಡೆದರು. ಎಂದರೆ ಸ್ಟೆಂಟ್ ಹಾಕಿಸಿಕೊಂಡರೂ ವ್ಯಾಯಾಮ ತಪ್ಪುವುದಿಲ್ಲ. ಹಾಗಿದ್ದ ಮೇಲೆ ಅದರಿಂದಲೇ ಆರಂಭಿಸಿ, ಮೂರು ತಿಂಗಳ ನಂತರವೂ ಬದುಕಿಗೆ ಅಡ್ಡಿಯಾಗುತ್ತಿದ್ದರೆ ಮುಂದಿನದನ್ನು ಯೋಚಿಸುವುದು ಸರಿಯಾದ ಕ್ರಮ.

ಇನ್ನು ತಮ್ಮನವರ ಭಯ. ನಡೆಯುವಾಗ ಬಂದು, ನಿಂತರೆ ಹೋಗುವ ಈ ನೋವು ಸ್ನಾಯುವಿಗೆ ಆ ಹೊತ್ತಿನಲ್ಲಿ ಬೇಕಾದಷ್ಟು ಆಮ್ಲಜನಕ ಸಿಗುತ್ತಿಲ್ಲ ಎಂಬುದರ ಸೂಚನೆಯೇ ಹೊರತು ಕಾಲು ಕೆಡುತ್ತಿದೆ ಎಂಬುದರ ಸೂಚನೆಯಲ್ಲ. ಆ ಕೊರತೆಯನ್ನು ಮತ್ತೆ ಮತ್ತೆ ಎದುರಿಸುವುದರಿಂದಲೇ ಸ್ನಾಯುವು ಸಿಕ್ಕ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತದೆ, ರಕ್ತನಾಳಗಳ ಒಳಪದರದ ಹಿಗ್ಗುವ ಶಕ್ತಿ ಸುಧಾರಿಸುತ್ತದೆ, ಅದೇ ನಡಿಗೆಗೆ ಕಡಿಮೆ ಶಕ್ತಿ ಸಾಕಾಗುತ್ತದೆ. ಮೇಲ್ವಿಚಾರಣೆಯ ವ್ಯಾಯಾಮದ ಸುರಕ್ಷತೆಯನ್ನು ಪರಿಶೀಲಿಸಿದ ಒಂದು ಪರಾಮರ್ಶೆಯಲ್ಲಿ ಒಬ್ಬೊಬ್ಬ ರೋಗಿಯ ವ್ಯಾಯಾಮದ ಗಂಟೆಗಳನ್ನು ಕೂಡಿಸಿ ನೋಡಿದಾಗ 10,000ಕ್ಕೂ ಹೆಚ್ಚು ಗಂಟೆಗಳಿಗೆ ಒಂದು ತೊಂದರೆ ಕಂಡುಬಂದಿತ್ತು.

ಆದರೆ ಎಲ್ಲ ಕಾಲುನೋವಿಗೂ ಈ ಮಾತು ಹೊಂದುವುದಿಲ್ಲ. ರಾತ್ರಿ ಮಲಗಿದಾಗ ಪಾದ ಉರಿಯುವುದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಮಾಧಾನವಾಗುವುದು, ಬೆರಳಿನ ತುದಿಯಲ್ಲಿ ಮಾಯದ ಹುಣ್ಣು ಅಥವಾ ಕಪ್ಪು ಬಣ್ಣ ಕಾಣುವುದು, ಇವು ಬೇರೆಯೇ ಹಂತ. ಅಲ್ಲಿ ವ್ಯಾಯಾಮದ ಮಾತು ಬಿಟ್ಟು ಕೂಡಲೇ ರಕ್ತನಾಳ ತಜ್ಞರ ಬಳಿ ಹೋಗಬೇಕು. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ಮರಗಟ್ಟಿದರೆ ಅದು ತುರ್ತು ಪರಿಸ್ಥಿತಿ. ಸುಮ್ಮನೆ ನಿಂತರೆ ಇಳಿಯದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಇಳಿಯುವ ನೋವು ಹೆಚ್ಚಾಗಿ ಬೆನ್ನುಮೂಳೆಯಲ್ಲಿ ನರ ಒತ್ತಿದ್ದರಿಂದ ಬಂದದ್ದು. ಇನ್ನೊಂದು ಮಾತು, ಪ್ರಶ್ನೆಯಲ್ಲಿಲ್ಲದಿದ್ದರೂ ಹೇಳಿಬಿಡುತ್ತೇನೆ: ಕಾಲುನೋವು ಎಂದ ಕೂಡಲೇ ಯಾರೋ ಬಿಗಿಯಾದ ಕಾಲುಚೀಲ ತಂದುಕೊಡುತ್ತಾರೆ. ಅದು ಅಶುದ್ಧ ರಕ್ತನಾಳಗಳ ತೊಂದರೆಗೆ ಇರುವಂಥದ್ದು. ಅಪಧಮನಿ ಕಿರಿದಾದ ಕಾಲಿಗೆ ವೈದ್ಯರನ್ನು ಕೇಳದೆ ಹಾಕಬಾರದು.

ಕಾಲ್ನಡಿಗೆ:

ನಾನು ಈ ಚಿಕಿತ್ಸೆಯನ್ನು ಕೇಂದ್ರದಲ್ಲಿ ಪೂರ್ತಿ ಮಾಡಿಸಿಕೊಂಡು ಈಗ ಮನೆಯಿಂದಲೇ ಮುಂದುವರಿಸುತ್ತಿರುವವನು. ಮೊದಮೊದಲು ನಡಿಗೆಗಿಂತ ನಿಲ್ಲುವುದೇ ನನಗೆ ಕಷ್ಟವಾಗಿತ್ತು. ನೋವು ಅರ್ಧ ಇಳಿದ ಕೂಡಲೇ ಎದ್ದು ಹೊರಡುವ ಆತುರ. ಹಾಗೆ ಹೊರಟರೆ ಮುಂದಿನ ಸುತ್ತು ಅರ್ಧಕ್ಕೇ ನಿಲ್ಲುತ್ತದೆ ಎಂದು ಅಲ್ಲಿದ್ದ ಮೇಡಂ ಗಡಿಯಾರ ತೋರಿಸಿ ಕೂರಿಸುತ್ತಿದ್ದರು. ಬೀದಿಯಲ್ಲಿ ನಿಂತುಕೊಳ್ಳಲು ಸಂಕೋಚವೂ ಆಗುತ್ತದೆ. ಜನ ನೋಡುತ್ತಾರೆಂದು ಮೊಬೈಲ್ ತೆಗೆದು ಏನೋ ಓದುವಂತೆ ನಟಿಸುವ ನನ್ನಂಥವರು ಬೇಕಾದಷ್ಟು ಮಂದಿ ಇದ್ದಾರೆ. ಕೇಂದ್ರದಲ್ಲಿ ಎಲ್ಲರೂ ನಿಲ್ಲುವವರೇ ಆದ್ದರಿಂದ ಅಲ್ಲಿ ಆ ಸಂಕೋಚವಿರಲಿಲ್ಲ.

ಮನೆಗೆ ಬಂದ ಮೇಲೆ ಯಾರೂ ಕೇಳುವವರಿಲ್ಲದೆ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. ಅಭ್ಯಾಸ ಬಿಟ್ಟಿರುವುದಿಲ್ಲ, ದಿನವೂ ಹೋಗುತ್ತಿರುತ್ತೇವೆ, ಆದರೆ ನೋವು ಬಾರದ ವೇಗಕ್ಕೆ ಕಾಲು ತಾನೇ ಇಳಿದಿರುತ್ತದೆ. ಈಗ ಮಗಳು ಪ್ರತಿ ಭಾನುವಾರ ನಾನು ನಡಿಗೆಯ ವಿವರ ಬರೆದಿಡುವ ಪುಸ್ತಕ ನೋಡುತ್ತಾಳೆ. ಎಷ್ಟು ದೂರ ಎಂದು ಅವಳು ಕೇಳುವುದಿಲ್ಲ, ಎಷ್ಟು ಸಲ ನಿಂತಿರಿ ಎಂದು ಕೇಳುತ್ತಾಳೆ. ಒಮ್ಮೆಯೂ ನಿಲ್ಲದ ದಿನವಿದ್ದರೆ ವೇಗ ಸಾಲದು ಎಂದೇ ಲೆಕ್ಕ. ಸಿಗರೇಟು ಬಿಟ್ಟದ್ದು ಬೇರೆ ಅಧ್ಯಾಯ. ಅದನ್ನು ಬಿಡದೆ ಇದೆಲ್ಲ ಮಾಡುವುದರಲ್ಲಿ ಅರ್ಥವಿಲ್ಲ ಎಂದಷ್ಟೇ ಹೇಳುತ್ತೇನೆ.

ಮುಂಜಾವು:

ನನಗೂ ಇದೇ ಕಾಯಿಲೆ ಇದೆ. ವರ್ಷಗಳಿಂದ ಪ್ರತಿ ಬೆಳಿಗ್ಗೆ ನಡೆಯುತ್ತೇನೆ. ನೋವು ಶುರುವಾಗುವ ಮೊದಲೇ ನಿಧಾನ ಮಾಡುವುದು ರೂಢಿ. ದೂರವೇನೂ ಹೆಚ್ಚಿಲ್ಲ. ಹಾಗಾದರೆ ಇಷ್ಟು ದಿನದ ನಡಿಗೆ ವ್ಯರ್ಥವೇ?

ಅಂಕಿಅಂಶ:

ಮುಂಜಾವು ಅವರೇ, ಹೃದಯಕ್ಕೂ ಒಟ್ಟಾರೆ ಆರೋಗ್ಯಕ್ಕೂ ಆ ನಡಿಗೆ ವ್ಯರ್ಥವಲ್ಲ. ಆದರೆ ನೋವಿಲ್ಲದೆ ನಡೆಯುವ ದೂರ ಏಕೆ ಹೆಚ್ಚಲಿಲ್ಲ ಎಂಬುದಕ್ಕೆ ನೀವು ಹೇಳಿದ್ದರಲ್ಲಿಯೇ ಉತ್ತರವಿದೆ. 2021ರಲ್ಲಿ ಪ್ರಕಟವಾದ ಲೈಟ್ ಎಂಬ ಅಧ್ಯಯನದಲ್ಲಿ 305 ಮಂದಿ ಇದ್ದರು. ಒಂದು ಗುಂಪು ನೋವು ಬಾರದಂತೆ ಹಾಯಾದ ವೇಗದಲ್ಲಿ ನಡೆಯಿತು, ಇನ್ನೊಂದು ಮಧ್ಯಮದಿಂದ ತೀವ್ರ ನೋವು ಬರುವ ವೇಗದಲ್ಲಿ. ಎರಡೂ ಮನೆಯ ವ್ಯಾಯಾಮವೇ, ಎರಡಕ್ಕೂ ದೂರವಾಣಿಯಲ್ಲಿ ಮಾರ್ಗದರ್ಶನವಿತ್ತು. ಒಂದು ವರ್ಷದ ನಂತರ ಆರು ನಿಮಿಷದ ನಡಿಗೆಯ ದೂರ ಎರಡನೆಯ ಗುಂಪಿನಲ್ಲಿ ಸರಾಸರಿ 338 ಮೀಟರಿನಿಂದ 371ಕ್ಕೆ ಏರಿತು. ಮೊದಲ ಗುಂಪಿನಲ್ಲಿ 332ರಿಂದ 327ಕ್ಕೆ ಇಳಿಯಿತು.

ಇದಕ್ಕೆ ಮೊದಲು, 2018ರಲ್ಲಿ, ಆನರ್ ಎಂಬ ಅಧ್ಯಯನವು ಧರಿಸುವ ಚಟುವಟಿಕೆ ಮಾಪಕ ಮತ್ತು ದೂರವಾಣಿ ಮಾರ್ಗದರ್ಶನವನ್ನು ಸುಮಾರು 200 ಮಂದಿಯಲ್ಲಿ ಪರೀಕ್ಷಿಸಿತ್ತು. ಒಂಬತ್ತು ತಿಂಗಳ ಕೊನೆಗೆ ನಡಿಗೆಯ ದೂರದಲ್ಲಿ ಪ್ರಯೋಜನ ಕಾಣಲಿಲ್ಲ. ಅದಕ್ಕೂ ಮುಂಚೆ, 2013ರ ಗೋಲ್ಸ್ ಅಧ್ಯಯನದಲ್ಲಿ 194 ಮಂದಿಯ ಪೈಕಿ ಒಂದು ಗುಂಪು ವಾರಕ್ಕೊಮ್ಮೆ ಒಂದೆಡೆ ಸೇರಿ ಗುರಿಗಳನ್ನೂ ಅಡ್ಡಿಗಳನ್ನೂ ಚರ್ಚಿಸಿ, ಉಳಿದ ದಿನಗಳಲ್ಲಿ ಮನೆಯಲ್ಲಿಯೇ ನಡೆದಿತ್ತು. ಆರು ತಿಂಗಳಲ್ಲಿ ಅವರ ದೂರ 357 ಮೀಟರಿನಿಂದ ಸುಮಾರು 400ಕ್ಕೆ ಏರಿತು. ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ತೋರುವುದು ಇಷ್ಟು: ಸ್ಥಳ ಯಾವುದೆಂಬುದಕ್ಕಿಂತ ಎರಡು ಸಂಗತಿಗಳು ಹೆಚ್ಚು ಮುಖ್ಯ. ನಡಿಗೆ ನೋವಿನವರೆಗೆ ಹೋಗಬೇಕು, ಮತ್ತು ಹೋಯಿತೇ ಇಲ್ಲವೇ ಎಂದು ವಾರ ವಾರವೂ ಕೇಳುವ ಒಬ್ಬ ಮನುಷ್ಯರಿರಬೇಕು. ಕೈಗೆ ಕಟ್ಟಿಕೊಂಡ ಯಂತ್ರ ಹೆಜ್ಜೆಗಳನ್ನು ಎಣಿಸುತ್ತದೆ, ನೋವನ್ನು ಎಣಿಸುವುದಿಲ್ಲ.

ವಿಚಾರಿಸುವವ:

ಒಪ್ಪಿದೆ. ಆದರೂ ವಿಮೆಯ ವ್ಯವಸ್ಥೆಗಳು ಸ್ಥಳಕ್ಕೇ ಏಕೆ ಅಂಟಿಕೊಂಡಿವೆ ಎಂದು ಹುಡುಕಿ ನೋಡಿದೆ. ಅಮೆರಿಕದ ಮೆಡಿಕೇರ್ 2017ರಲ್ಲಿ ಈ ಚಿಕಿತ್ಸೆಗೆ ಹಣ ಕೊಡಲು ಒಪ್ಪಿದಾಗ 12 ವಾರಗಳಲ್ಲಿ 36 ಅವಧಿಗಳವರೆಗೆ ಎಂದು ನಿಗದಿ ಮಾಡಿ, ಅದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಥವಾ ವೈದ್ಯರ ಚಿಕಿತ್ಸಾಲಯದಲ್ಲಿಯೇ ನಡೆಯಬೇಕು ಎಂದು ಷರತ್ತು ಹಾಕಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿ ವಾರಕ್ಕೆ ಎರಡು ಗಂಟೆಯಂತೆ ಮೂರು ತಿಂಗಳ ಮೇಲ್ವಿಚಾರಣೆಯ ವ್ಯಾಯಾಮ ಕೊಡಬೇಕೆನ್ನುತ್ತದೆ. ನೆದರ್‌ಲ್ಯಾಂಡ್ಸ್ ಮಾತ್ರ ಬೇರೆ ದಾರಿ ಹಿಡಿದದ್ದು ನನಗೆ ಇಷ್ಟವಾಯಿತು. ಅಲ್ಲಿ ಆಸ್ಪತ್ರೆಗೆ ಬನ್ನಿ ಎನ್ನುವ ಬದಲು, ರೋಗಿಯ ಬಡಾವಣೆಯಲ್ಲಿಯೇ ಇರುವ ಫಿಸಿಯೋಥೆರಪಿಸ್ಟರಿಗೆ ಈ ಕಾಯಿಲೆಯ ವಿಶೇಷ ತರಬೇತಿ ಕೊಟ್ಟು ಕ್ಲಾಡಿಕೇಷಿಯೋನೆಟ್ ಎಂಬ ಜಾಲ ಕಟ್ಟಿದರು. 2017ರಿಂದ ಅಲ್ಲಿನ ಮೂಲ ವಿಮೆ 37 ಅವಧಿಗಳವರೆಗೆ ಭರಿಸುತ್ತದೆ. ಮೇಲ್ವಿಚಾರಣೆಯೂ ಉಳಿಯಿತು, ಪ್ರಯಾಣವೂ ತಪ್ಪಿತು.

ನಿವೃತ್ತ ವೈದ್ಯ:

ಅಮೆರಿಕದ ಹೃದ್ರೋಗ ಸಂಸ್ಥೆಗಳ 2024ರ ಮಾರ್ಗಸೂಚಿಯೂ ಮೇಲ್ವಿಚಾರಣೆಯ ವ್ಯಾಯಾಮದ ಜೊತೆಗೆ, ಕ್ರಮಬದ್ಧವಾಗಿ ರೂಪಿಸಿದ ಮನೆ ಅಥವಾ ಸಮುದಾಯ ಮಟ್ಟದ ಕಾರ್ಯಕ್ರಮವನ್ನು ಅದೇ ಮೊದಲ ದರ್ಜೆಯ ಶಿಫಾರಸಿನಲ್ಲಿ ಇಟ್ಟಿದೆ. ‘ಕ್ರಮಬದ್ಧ’ ಎಂದರೆ ಬರೆದುಕೊಟ್ಟ ಯೋಜನೆ ಮತ್ತು ಅದನ್ನು ಆಗಾಗ ಪರಿಶೀಲಿಸಿ ತಿದ್ದುವ ತಜ್ಞರು. ಚೀಟಿಯ ಕೊನೆಯಲ್ಲಿ ನಡೆಯಿರಿ ಎಂದು ಬರೆಯುವುದು ಇದಾಗುವುದಿಲ್ಲ. ನಾವು ಎಷ್ಟೋ ವರ್ಷ ಅಷ್ಟನ್ನೇ ಬರೆದು ಕಳಿಸುತ್ತಿದ್ದೆವು.

ಹಿರಿಮಗಳು:

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ತಮ್ಮನಿಗೆ ಡಾಕ್ಟರ್ ಸರ್ ಬರೆದದ್ದನ್ನು ಓದಿಸಿದೆ, ಅವನ ತಕರಾರು ಅಲ್ಲಿಗೆ ನಿಂತಿತು. ಎರಡು ವಿಷಯ ಮೊದಲೇ ಹೇಳಬೇಕಿತ್ತು: ತಂದೆಯವರಿಗೆ ಮಧುಮೇಹವಿದೆ, ಪಾದಗಳಲ್ಲಿ ಸ್ಪರ್ಶ ಸ್ವಲ್ಪ ಮಂದವಾಗಿದೆ. ಬಲ ಮಂಡಿಯೂ ಸವೆದಿದೆ. ಕೇಂದ್ರವೂ ದೂರ, ವಾರಕ್ಕೆ ಮೂರು ಬಾರಿ ಕರೆದೊಯ್ಯುವುದು ನಮ್ಮಿಂದ ಆಗುವಂತಿಲ್ಲ. ಇಂತಹ ಸ್ಥಿತಿಯಲ್ಲಿ ಏನು ಮಾಡಬೇಕು?

ದೇಹಚಲನೆ:

ಹಾಗಿದ್ದರೆ ಎರಡನ್ನೂ ಬೆರೆಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಮೊದಲ ಕೆಲವು ವಾರ, ವಾರಕ್ಕೆ ಒಮ್ಮೆಯಾದರೂ ಕೇಂದ್ರಕ್ಕೆ ಕರೆತನ್ನಿ. ಹೃದಯದ ಕಾಯಿಲೆ ಗುಪ್ತವಾಗಿ ಜೊತೆಗಿರುವುದು ಇವರಲ್ಲಿ ಸಾಮಾನ್ಯ, ಆದ್ದರಿಂದ ಮೊದಲ ನಡಿಗೆಗಳು ನಾಡಿ ಮತ್ತು ರಕ್ತದೊತ್ತಡ ನೋಡುವವರ ಎದುರಿನಲ್ಲಿಯೇ ಆಗಲಿ. ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಬೇಕು ಎಂಬುದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ಸಹಿಸಿಕೊಂಡು ಹೋಗಬೇಕಾದ ನೋವು ಮೀನಖಂಡದ್ದು ಮಾತ್ರ. ಮಂಡಿಯದೂ ಅಲ್ಲ, ಎದೆಯದೂ ಅಲ್ಲ. ಈ ವ್ಯತ್ಯಾಸ ಅವರಿಗೆ ಮನದಟ್ಟಾದ ಮೇಲೆ ಉಳಿದ ದಿನಗಳನ್ನು ಮನೆಯ ಬಳಿ ಮಾಡಬಹುದು.

ದಾರಿ ಸಮತಟ್ಟಾಗಿರಲಿ, ಕೂರಲು ಅಲ್ಲಲ್ಲಿ ಜಾಗವಿರಲಿ. ನೇರವಾಗಿ ದೂರ ಹೋಗಿ ಹಿಂದಿರುಗುವ ದಾರಿಗಿಂತ ಮನೆಯ ಸುತ್ತಲೇ ಸುತ್ತಿ ಬರುವ ದಾರಿ ಮೇಲು. ಅರ್ಧದಲ್ಲಿ ಕಾಲು ಸೋತರೆ ಮನೆ ಹತ್ತಿರವಿರುತ್ತದೆ ಎಂಬ ಧೈರ್ಯವಿದ್ದರೆ ವೇಗ ತಾನೇ ಬರುತ್ತದೆ. ವಾರಕ್ಕೆ ಮೂರರಿಂದ ಐದು ದಿನ, ಮೊದಲು ಹತ್ತು ಹದಿನೈದು ನಿಮಿಷದ ನಿಜವಾದ ನಡಿಗೆ, ಕ್ರಮೇಣ ನಲವತ್ತೈದು ಐವತ್ತು ನಿಮಿಷದವರೆಗೆ. ಸ್ಪರ್ಶ ಮಂದವಾಗಿರುವುದರಿಂದ ಪ್ರತಿ ನಡಿಗೆಯ ನಂತರ ಪಾದರಕ್ಷೆಯೊಳಗೆ ಕೈಯಾಡಿಸಿ ಕಲ್ಲು ಮುಳ್ಳು ನೋಡಿ, ಅಂಗಾಲನ್ನೂ ಬೆರಳಸಂದುಗಳನ್ನೂ ನೀವೇ ಕಣ್ಣಾರೆ ಪರೀಕ್ಷಿಸಿ. ಅವರಿಗೆ ತಿಳಿಯದೆ ಆದ ಒಂದು ಸಣ್ಣ ಬೊಬ್ಬೆ ರಕ್ತ ಸಾಲದ ಕಾಲಿನಲ್ಲಿ ತಿಂಗಳುಗಟ್ಟಲೆ ಮಾಯುವುದಿಲ್ಲ. ಬೊಬ್ಬೆ ಕಂಡರೆ ಅದು ಮಾಯುವವರೆಗೆ ನಡಿಗೆ ಬೇಡ.

ಮಂಡಿ ತೀರಾ ಕಾಡುವ ದಿನಗಳಿಗೆ ಕೈಯಿಂದ ತಿರುಗಿಸುವ ಸೈಕಲ್ಲಿನಂತಹ ಯಂತ್ರವಿದೆ. ಕಾಲನ್ನು ಅಲ್ಲಾಡಿಸದೆ ಬರೀ ತೋಳುಗಳಿಂದ ಅದನ್ನು ತಿರುಗಿಸಿದವರ ನಡಿಗೆಯೂ ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಕೇಳಿದಾಗ ನಂಬುವುದು ಕಷ್ಟ, ಆದರೆ ಇಡೀ ದೇಹದ ರಕ್ತನಾಳಗಳಿಗೂ ಹೃದಯಕ್ಕೂ ಅದು ವ್ಯಾಯಾಮವೇ ತಾನೆ. ಎರಡು ಕೈಯಲ್ಲೂ ಕೋಲು ಹಿಡಿದು ನಡೆಯುವುದೂ ಮಂಡಿಯ ಭಾರ ತಗ್ಗಿಸುತ್ತದೆ. ಕಂಬಿ ಹಿಡಿಯಬೇಡಿ ಎಂದವರೇ ಕೋಲು ಹಿಡಿಯಿರಿ ಎನ್ನುತ್ತಿದ್ದಾರಲ್ಲ ಎನ್ನಬೇಡಿ. ಕೋಲು ಹಿಡಿದಾಗ ನೆಲದ ಮೇಲೆ ದೇಹವನ್ನು ಮುಂದಕ್ಕೆ ಒಯ್ಯುವ ಕೆಲಸ ಕಾಲಿಗೆ ತಪ್ಪುವುದಿಲ್ಲ.

ಕಾಲ್ನಡಿಗೆ:

ಪುಸ್ತಕದಲ್ಲಿ ಏನು ಬರೆಯಬೇಕು ಎಂದು ಮುಂದೆ ಕೇಳಿಯೇ ಕೇಳುತ್ತೀರಿ. ನೋವು ಶುರುವಾದ ನಿಮಿಷ, ನಿಂತ ನಿಮಿಷ, ನಿಂತಾಗಿನ ನೋವಿನ ಅಂಕ, ಇಷ್ಟು ಸಾಕು. ಹೆಜ್ಜೆಗಳ ಸಂಖ್ಯೆ ಬರೆಯಲು ಹೋದರೆ ಸಂಖ್ಯೆ ಹೆಚ್ಚಿಸುವ ಚಟ ಹತ್ತಿ ಮತ್ತೆ ನಿಧಾನದ ನಡಿಗೆಗೆ ಮರಳುತ್ತೇವೆ.

ಹಿರಿಮಗಳು:

ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಕೇಂದ್ರ, ಉಳಿದಂತೆ ಮನೆಯ ಬಳಿ ಎಂದು ತಂದೆಯವರೂ ಒಪ್ಪಿದ್ದಾರೆ. ಅಲ್ಲಿನ ಫಿಸಿಯೋಥೆರಪಿಸ್ಟರು ಆ ಬಳಿಕ ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸುವುದಾಗಿ ಹೇಳಿದ್ದಾರೆ. ಪುಸ್ತಕ ನೋಡುವ ಕೆಲಸ ತಮ್ಮನದು. ಕೊನೆಯದಾಗಿ ಒಂದು ಪ್ರಶ್ನೆ: ಮೂರು ತಿಂಗಳ ನಂತರ ಎಬಿಐ ಪರೀಕ್ಷೆ ಮತ್ತೆ ಮಾಡಿಸಿದರೆ ಸುಧಾರಣೆ ತಿಳಿಯುತ್ತದೆಯೇ?

ನಿವೃತ್ತ ವೈದ್ಯ:

ಅದೊಂದನ್ನೇ ನೋಡಿದರೆ ನಿರಾಶೆಯಾಗುತ್ತದೆ. ನಡಿಗೆ ಎರಡರಷ್ಟಾದವರಲ್ಲಿಯೂ ಆ ಅನುಪಾತ ಹೆಚ್ಚು ಬದಲಾಗಿರುವುದಿಲ್ಲ, ಏಕೆಂದರೆ ದೊಡ್ಡ ನಾಳದ ತಡೆ ಅಲ್ಲಿಯೇ ಇರುತ್ತದೆ, ಸುಧಾರಿಸಿರುವುದು ಅದರ ಆಚೆಗಿನ ಸ್ನಾಯು. ಮಧುಮೇಹದವರಲ್ಲಿ ನಾಳಗಳು ಗಡುಸಾಗಿ ಎಬಿಐ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಅಂತಹ ಅನುಮಾನವಿದ್ದರೆ ಕಾಲ್ಬೆರಳಿನ ರಕ್ತದೊತ್ತಡ ಅಳೆಯುತ್ತಾರೆ. ಸುಧಾರಣೆ ತಿಳಿಯಲು ಈಗಲೇ, ವ್ಯಾಯಾಮ ಆರಂಭಿಸುವ ಮೊದಲೇ, ಕೇಂದ್ರದಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ ದೂರ ಬರೆದಿಟ್ಟುಕೊಳ್ಳಿ, ಮೂರು ತಿಂಗಳ ಕೊನೆಗೆ ಅದೇ ಹಜಾರದಲ್ಲಿ ಮತ್ತೆ ಮಾಡಿಸಿ. ಮೊದಲ ತಿಂಗಳಲ್ಲಿ ಏನೂ ಕಾಣದಿದ್ದರೆ ಬಿಡಬೇಡಿ, ಹಲವರಿಗೆ ಎರಡನೆಯ ತಿಂಗಳಿನಲ್ಲಿ ಬದಲಾವಣೆ ತಿಳಿಯುತ್ತದೆ. ಗಳಿಸಿದ್ದು ನಡಿಗೆ ನಿಲ್ಲಿಸಿದರೆ ಹೋಗುವುದರಿಂದ, ಮೂರು ತಿಂಗಳ ನಂತರದ ಯೋಜನೆಯನ್ನೂ ಆ ಕೊನೆಯ ಭೇಟಿಯಲ್ಲಿಯೇ ಬರೆಸಿಕೊಂಡು ಬನ್ನಿ.